ವಿಜ್ಞಾನ ವಿಚಾರ: ಕರಗಬೇಕಾದ ತೇಪೆ

ಕಳೆದ ಸಂಚಿಕೆಯಲ್ಲಿ ಕರಗುವ ಹೊಲಿಗೆದಾರದ ಬಗ್ಗೆ ಬರೆದಿದ್ದೆವು. ಆ ದಾರದಿಂದಲೇ ಬಟ್ಟೆ ನೇಯ್ದು ಮೈಯೊಳಗೆ ತೇಪೆ ಹಾಕಬಾರದೇಕೆ ಎಂದು ಸದಸ್ಯರೊಬ್ಬರು ಕೇಳಿದ್ದಾರೆ. ಹಾಕಬಹುದು, ಹಾಕುತ್ತಲೂ ಇದ್ದಾರೆ. ಅದೂ ಮಿದುಳಿನ ಹೊದಿಕೆಗೆ.

ತಲೆಬುರುಡೆಯೊಳಗೆ ಮಿದುಳನ್ನು ಮೂರು ಪೊರೆಗಳು ಸುತ್ತಿಕೊಂಡಿವೆ. ಎಲ್ಲಕ್ಕೂ ಹೊರಗಿನ, ತೊಗಲಿನಂಥ ಪೊರೆಯ ಹೆಸರು ಡ್ಯೂರಾ ಮೇಟರ್. ಲ್ಯಾಟಿನ್ನಿನಲ್ಲಿ ‘ಗಟ್ಟಿ ತಾಯಿ’ ಎಂದರ್ಥ; ಹೆಸರಿಟ್ಟವರು ರಸಿಕರಿರಬೇಕು. ಮಿದುಳಿನ ಗೆಡ್ಡೆ ತೆಗೆಯುವಾಗ ಇದನ್ನು ಕತ್ತರಿಸಲೇಬೇಕು. ಗೆಡ್ಡೆ ಪೊರೆಗೇ ಅಂಟಿದ್ದರೆ ಒಂದು ತುಂಡು ಹೋಗಿಯೇ ಹೋಗುತ್ತದೆ. ಕಿಂಡಿ ಉಳಿದರೆ ಮಿದುಳಿನ ಸುತ್ತಲಿನ ದ್ರವ ಸೋರುತ್ತದೆ, ಸೋಂಕು ಒಳನುಗ್ಗಬಹುದು.

ರೋಗಿಯ ತೊಡೆಯಿಂದಲೋ ನೆತ್ತಿಯಿಂದಲೋ ಪೊರೆ ತೆಗೆದು ಹೊಲಿಯುವುದು ಹಳೆಯ ಪದ್ಧತಿ, ಈಗಲೂ ಇದೆ. ತೊಡೆಯದಾದರೆ ಇನ್ನೊಂದು ಗಾಯ. 1969ರಲ್ಲಿ ಮೃತದೇಹದಿಂದ ತೆಗೆದು ಒಣಗಿಸಿದ ಪೊರೆ ಲಯೋಡ್ಯೂರಾ ಎಂಬ ಹೆಸರಿನಿಂದ ಜರ್ಮನಿಯಲ್ಲಿ ತಯಾರಾಗಿ ಮಾರಾಟಕ್ಕೆ ಬಂತು. ಪೊಟ್ಟಣ ಒಡೆದು ಹೊಲಿದರಾಯಿತು! ಅದನ್ನು ಹಾಕಿಸಿಕೊಂಡಿದ್ದ ಅಮೆರಿಕದ ಯುವತಿಯೊಬ್ಬರಿಗೆ ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ರೋಗ ಬಂದದ್ದು 1987ರಲ್ಲಿ ವರದಿಯಾಯಿತು. ಮಿದುಳನ್ನು ಸ್ಪಂಜಿನಂತೆ ತೂತು ಮಾಡುವ, ಮದ್ದಿಲ್ಲದ ರೋಗವಿದು. ಜಪಾನೊಂದರಲ್ಲೇ ಇಂಥ ಪ್ರಕರಣಗಳು 150ನ್ನು ಮೀರಿದವು. ಕೆಲವರಿಗೆ ರೋಗ ಕಾಣಿಸಿಕೊಂಡದ್ದು ಆಪರೇಷನ್ನಾಗಿ 20 ವರ್ಷ ಕಳೆದ ಮೇಲೆ. ಕಾರಣವಾದ ಪ್ರಿಯಾನ್ ಎಂಬ ಪ್ರೋಟೀನು ಗಾಮಾ ಕಿರಣಕ್ಕೂ ಜಗ್ಗುವುದಿಲ್ಲ.

ಯಾರ ಮೈಯಿಂದಲೂ ಬಾರದ ತೇಪೆ ಬೇಕೆಂದಾಗ ನಮ್ಮಂಥ ರಸಾಯನದವರ ನೆನಪಾಗುವುದು ಸಹಜ. ಗ್ಲೈಕೋಲಿಕ್ ಆಮ್ಲ ಮತ್ತು ಲ್ಯಾಕ್ಟಿಕ್ ಆಮ್ಲ (ಎರಡನೆಯದು ಮೊಸರಿನ ಹುಳಿಯೇ) ಇವುಗಳ ಅಣುಗಳನ್ನು ಸರದಂತೆ ಪೋಣಿಸಿದರೆ ಎಳೆ ತೆಗೆಯಬಹುದಾದ ಪ್ಲಾಸ್ಟಿಕ್ ಸಿಗುತ್ತದೆ. ಮಣಿಗಳ ನಡುವಣ ಎಸ್ಟರ್ ಗಂಟನ್ನು ಮೈಯೊಳಗಿನ ನೀರೇ ಬಿಚ್ಚುತ್ತದೆ. ಬಿಡಿಯಾದ ಆಮ್ಲವನ್ನು ದೇಹ ಅರಗಿಸಿಕೊಳ್ಳುತ್ತದೆ. ಅಷ್ಟರಲ್ಲಿ ರೋಗಿಯ ಜೀವಕೋಶಗಳು ಆ ಜಾಲವನ್ನು ಹತ್ತಿ ಸ್ವಂತ ಪೊರೆ ಹೆಣೆದಿರಬೇಕು.

ತಕರಾರೆಲ್ಲ ಆ ‘ಅಷ್ಟರಲ್ಲಿ’ಯದೇ. ಬರೀ ಗ್ಲೈಕೋಲಿಕ್ ಎಳೆ ತಿಂಗಳೊಳಗೆ ಬಹುಪಾಲು ಬಲ ಕಳೆದುಕೊಳ್ಳುತ್ತದೆ. ಲ್ಯಾಕ್ಟಿಕ್‌ನಲ್ಲಿ ಒಂದು ಮೀಥೈಲ್ ಗುಂಪು ಹೆಚ್ಚು. ಅದು ನೀರನ್ನು ದೂರವಿಡುವುದರಿಂದ ಕರಗಲು ವರ್ಷಗಳೇ ಹಿಡಿಯಬಹುದು. ಬೇಗ ಕರಗಿದರೆ ಸೋರಿಕೆ, ಜೊತೆಗೆ ಆಮ್ಲ ಒಮ್ಮೆಲೇ ಬಿದ್ದು ಉರಿಯೂತ. ತಡವಾದರೆ ಪರವಸ್ತುವೊಂದು ತಲೆಯಲ್ಲಿ ಬಿಡಾರ ಹೂಡಿದಂತೆ. ಹಾಗಾಗಿ ಬೆರಕೆಯೇ ಗತಿ. ವಿಕ್ರಿಲ್‌ನಲ್ಲಿ ಗ್ಲೈಕೋಲಿಕ್ 90, ಲ್ಯಾಕ್ಟಿಕ್ 10. ಅದಕ್ಕೆ ನಿಧಾನವಾಗಿ ಕರಗುವ ಪಾಲಿಡಯಾಕ್ಸನೋನ್ ಸೇರಿಸಿ ಮಾಡಿದ ಎಥಿಸಾರ್ಬ್ ಎಂಬ ತೇಪೆ ಮಿದುಳಿನ ಪೊರೆಗೆಂದೇ ಬಂತು. ಬೆರಕೆಯ ಈ ಲೆಕ್ಕಾಚಾರವೇ ನಮಗೆ ಎಲ್ಲಕ್ಕಿಂತ ಚೆಂದವಾಗಿ ಕಾಣುವುದು.

ದನದ ಕೊಲಾಜೆನ್ ಹಾಳೆಗಳೂ ಧಾರಾಳವಾಗಿ ಬಳಕೆಯಲ್ಲಿವೆ. ಮನೆಯಲ್ಲಿ ಅದಕ್ಕೆ ಆಕ್ಷೇಪವಿದ್ದರೆ ಸರ್ಜನ್ನರನ್ನು ಮೊದಲೇ ಕೇಳಿ. ಕೇಳಲು ಸಂಕೋಚ ಬೇಡ.

ಇನ್ನೊಂದು ಮಾತು. ಡ್ಯೂರಾ ಮೇಟರ್ ಕಸಿ ಆಗಿದೆಯೇ ಎಂದು ಅಮೆರಿಕದಲ್ಲಿ ರಕ್ತದಾನಿಗಳನ್ನು ಇಂದಿಗೂ ಕೇಳುತ್ತಾರೆ. ಪ್ರಶ್ನೆಯ ಹಿಂದಿರುವುದು ಮೃತದೇಹದ ಪೊರೆ. ಹಿಂದೆ ತಲೆಯ ಅಥವಾ ಬೆನ್ನುಹುರಿಯ ಆಪರೇಷನ್ನಾಗಿ, ಏನು ಹಾಕಿದರೆಂದು ತಿಳಿಯದಿದ್ದರೆ, ತೋಳು ಚಾಚುವ ಮುಂಚೆ ಅದನ್ನು ಅಲ್ಲಿನವರಿಗೆ ಹೇಳಿಬಿಡಿ.