ಬಿತ್ತಿದ ಮೇಲೆ ನಿಯಮ ಬದಲಾದರೆ: ಅರ್ಜೆಂಟೀನಾ ರೈತರ ಕಥೆ

ಮೆಸ್ಸಿ ಹುಟ್ಟಿದ ಊರು ರೊಸಾರಿಯೊ ಅಂತ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಅದೇ ಊರಿನ ಅಕ್ಕಪಕ್ಕ, ಪರಾನಾ ನದಿ ದಂಡೆ ಮೇಲೆ, ದೊಡ್ಡ ದೊಡ್ಡ ಸೋಯಾ ಎಣ್ಣೆ ಕಾರ್ಖಾನೆಗಳ ಸಾಲೇ ಇದೆ. ಭಾರತ ತರಿಸಿಕೊಳ್ಳುವ ಸೋಯಾ ಎಣ್ಣೆಯಲ್ಲಿ ದೊಡ್ಡ ಪಾಲು ಬರೋದು ಅಲ್ಲಿಂದಲೇ. ಹಾಗಾಗಿ ಅರ್ಜೆಂಟೀನಾ ಸರ್ಕಾರ ಹೊರಡಿಸೋ ಒಂದು ಆದೇಶಕ್ಕೂ ಬೀದರ್ ಕಡೆಯ ಸೋಯಾ ರೇಟಿಗೂ ನಂಟಿದೆ.

ಸ್ಪೇನಿನವರು ಅಲ್ಲಿಗೆ ಹೋದದ್ದು ಬೆಳ್ಳಿ ಆಸೆಗೆ. ದೇಶದ ಹೆಸರು ಬಂದದ್ದೂ ಬೆಳ್ಳಿಯಿಂದಲೇ. ಸಿಕ್ಕಿದ್ದು ಮಾತ್ರ ಪಾಂಪಾ ಅನ್ನುವ ಫಲವತ್ತಾದ ಬಯಲು, ಲೆಕ್ಕವಿಲ್ಲದಷ್ಟು ದನ. ಆದರೆ ಮಾರೋದು ಹೇಗೆ? ಬ್ಯೂನಸ್ ಐರಿಸ್‌ನಲ್ಲಿ ಬಂದರಿದ್ದರೂ ವ್ಯಾಪಾರವೆಲ್ಲ ಬೆಟ್ಟದಾಚೆಯ ಲಿಮಾ ಮೂಲಕವೇ ನಡೀಬೇಕು ಅಂತ ಸ್ಪೇನಿನ ಕಟ್ಟಳೆ. 1770ರ ದಶಕದವರೆಗೂ ಅದು ಪೂರ್ತಿ ಸಡಿಲವಾಗಲಿಲ್ಲ. ಜನ ಚರ್ಮವನ್ನು ಕದ್ದು ಸಾಗಿಸಿದರು. ಬೆಳೆದವನ ಮಾರಾಟಕ್ಕೆ ಆಳುವವನ ಅಡ್ಡಗಾಲು ಅಲ್ಲಿ ಅಷ್ಟು ಹಳೇದು.

1816ರಲ್ಲಿ ಸ್ವಾತಂತ್ರ್ಯ ಬಂತು. ಮುಂದೆ ಬ್ರಿಟಿಷರ ದುಡ್ಡಿನ ರೈಲು, ಮಾಂಸ ಕೆಡದಂತೆ ಒಯ್ಯುವ ಶೀತಲ ಹಡಗು ಬಂದ ಮೇಲೆ ದೇಶದ ನಸೀಬೇ ತಿರುಗಿತು. 1913ರ ಹೊತ್ತಿಗೆ ಅಲ್ಲಿನ ತಲಾ ಆದಾಯ ಸ್ಪೇನ್, ಇಟಲಿಗಿಂತ ಮೇಲಿತ್ತು. ಆದರೆ ಭೂಮಿ ಕೆಲವೇ ಮನೆತನಗಳ ಕೈಲಿತ್ತು. ಉತ್ತವರು ಬಹುಪಾಲು ಇಟಲಿಯಿಂದ ವಲಸೆ ಬಂದ ಗೇಣಿದಾರರು. 1912ರಲ್ಲಿ ಅಲ್ಕೋರ್ತಾ ಅನ್ನೋ ಊರಲ್ಲಿ ಅವರು ಗೇಣಿ ಇಳಿಸಿ ಅಂತ ಮುಷ್ಕರ ಹೂಡಿದರು. ಅಲ್ಲಿನ ಸಣ್ಣ ರೈತರ ಒಕ್ಕೂಟ ಹುಟ್ಟಿದ್ದು ಆಗಲೇ.

1930ರಲ್ಲಿ ಸೈನ್ಯ ಸರ್ಕಾರ ಬೀಳಿಸಿತು. ಆಮೇಲೆ 1976ರೊಳಗೆ ಇನ್ನೂ ಐದು ಸಲ ಹಾಗೇ ಆಯ್ತು. ನಡುವೆ, 1946ರಲ್ಲಿ ಗೆದ್ದು ಬಂದ ಪೆರೋನ್ ಕಾಲದಲ್ಲಿ ಧಾನ್ಯದ ರಫ್ತು ಸರ್ಕಾರಿ ಸಂಸ್ಥೆಯೊಂದರ ಹಿಡಿತಕ್ಕೆ ಹೋಯ್ತು. ರೈತನಿಂದ ಕಡಿಮೆಗೆ ಕೊಂಡು, ಹೊರಗೆ ಹೆಚ್ಚಿಗೆ ಮಾರಿ, ಆ ಲಾಭದಲ್ಲಿ ಕೈಗಾರಿಕೆ ಕಟ್ಟೋದು ಲೆಕ್ಕಾಚಾರ. ಕಾರ್ಮಿಕರ ಬದುಕು ಸುಧಾರಿಸಿತು, ಅದನ್ನ ಅಲ್ಲಗಳೆಯಲ್ಲ. ಆದರೆ ಗಿಟ್ಟದ ಗೋಧಿಯನ್ನ ಯಾರು ಬಿತ್ತುತ್ತಾರೆ? ಮೇಲಿಂದ ಬರಗಾಲ ಬೇರೆ. 1952ರಲ್ಲಿ ಜಗತ್ತಿಗೇ ಗೋಧಿ ಕಳಿಸಿದ ದೇಶ ಕಿರುಧಾನ್ಯ ಬೆರೆಸಿದ ಕಪ್ಪು ಬ್ರೆಡ್ ತಿಂತು. (ಈಗ ನಾವು ಅದನ್ನೇ ಸಿರಿಧಾನ್ಯ ಅಂತ ದುಪ್ಪಟ್ಟು ದುಡ್ಡು ಕೊಟ್ಟು ತಗೋತೀವಿ, ಆ ಮಾತು ಬೇರೆ.)

2006ರಲ್ಲಿ ಊರಲ್ಲಿ ಮಾಂಸ ಅಗ್ಗವಾಗಲಿ ಅಂತ ಸರ್ಕಾರ ದನದ ಮಾಂಸದ ರಫ್ತು ನಿಲ್ಲಿಸಿತು, ಆಮೇಲೆ ಮಿತಿ ಹಾಕಿತು. ಸಾಕೋದು ಗಿಟ್ಟಲ್ಲ ಅಂತ ರೈತರು ಈಯುವ ಹಸುಗಳನ್ನೂ ಕಸಾಯಿಖಾನೆಗೆ ಅಟ್ಟಿದರು. ಬರವೂ ಸೇರಿ ನಾಲ್ಕೈದು ವರ್ಷದಲ್ಲಿ ಸುಮಾರು 1 ಕೋಟಿ ದನ ಕಡಿಮೆಯಾದವು, ಮಾಂಸ ಮೊದಲಿಗಿಂತ ದುಬಾರಿಯಾಯ್ತು. ಗೋಧಿ ಬಿಟ್ಟು ಎಲ್ಲರೂ ಸೋಯಾಕ್ಕೆ ಹಾರಿದರು. ಅದರ ಮೇಲೆ ರಫ್ತು ಸುಂಕ 35%. ಬೆಲೆ ಏರಿದ ಹಾಗೆ ಸುಂಕವೂ ಏರಲಿ ಅಂತ 2008ರ ಮಾರ್ಚ್‌ನಲ್ಲಿ, ಕೊಯ್ಲಿನ ಹೊತ್ತಿಗೆ ಸರಿಯಾಗಿ ಆದೇಶ ಬಂತು. ರೈತರು ನಾಲ್ಕು ತಿಂಗಳು ರಸ್ತೆಗಿಳಿದರು. ಸೆನೆಟ್‌ನಲ್ಲಿ ಮತ 36-36 ಸಮ. ಉಪಾಧ್ಯಕ್ಷ ಕೋಬೋಸ್ ತಮ್ಮದೇ ಸರ್ಕಾರದ ವಿರುದ್ಧ ಮತ ಹಾಕಿ ಅದನ್ನ ಬೀಳಿಸಿದರು.

ಅಲ್ಲಿನ ಹೊಲಗಳ ಫೋಟೋ ನೋಡಿದರೆ ಉದ್ದುದ್ದ ಬಿಳಿ ಪ್ಲಾಸ್ಟಿಕ್ ಚೀಲ ಕಾಣ್ತವೆ, ಒಂದೊಂದರಲ್ಲಿ ಸುಮಾರು 200 ಟನ್ ಕಾಳು. ಅದು ಬರೀ ಉಗ್ರಾಣ ಅಲ್ಲ, ರೈತನ ಬ್ಯಾಂಕು. 2001ರಲ್ಲಿ ಬ್ಯಾಂಕಿನಲ್ಲಿಟ್ಟ ದುಡ್ಡು ತೆಗೆಯೋಕೇ ಬಿಡದೆ ಕಟ್ಟಿಹಾಕಿದ್ದ ದೇಶ ಅದು. 2023ರಲ್ಲಂತೂ ಹಣದುಬ್ಬರ 200% ದಾಟಿತ್ತು. ಪೆಸೊ ಕರಗುತ್ತೆ, ಸೋಯಾ ಕರಗಲ್ಲ.

ರಫ್ತು ಸುಂಕವೇ ಬೇಡ ಅನ್ನೋ ವಾದ ನನ್ನದಲ್ಲ. ಪೇಟೆಯ ಕೂಲಿಯವನ ತಟ್ಟೆಗೂ ರೊಟ್ಟಿ ಬೀಳಬೇಕು, ಸಾವಿರಾರು ಎಕರೆಯ ಜಮೀನ್ದಾರ ತೆರಿಗೆ ಕಟ್ಟಲಿ. ನನ್ನ ತಕರಾರು ಬಿತ್ತಿದ ಮೇಲೆ ಬರೋ ಆದೇಶದ ಬಗ್ಗೆ. 2023ರ ಆಗಸ್ಟ್‌ನಲ್ಲಿ ನಮ್ಮಲ್ಲೂ ಈರುಳ್ಳಿ ರಫ್ತಿಗೆ ದಿಢೀರಂತ 40% ಸುಂಕ ಬಿತ್ತು, ಡಿಸೆಂಬರ್‌ನಲ್ಲಿ ರಫ್ತೇ ಬಂದ್ ಆಯ್ತು. ಬಿತ್ತುವ ಮೊದಲೇ ಸುಂಕ ಎಷ್ಟು ಅಂತ ತಿಳಿದರೆ ರೈತ ಬೆಳೆ ಬದಲಿಸ್ತಾನೆ, ಸಾಲ ಕಡಿಮೆ ಮಾಡ್ತಾನೆ. ಕಟಾವಿನ ವೇಳೆಗೆ ತಿಳಿದರೆ ಮಾಡೋದೇನಿದೆ? ಅರ್ಜೆಂಟೀನಾದಲ್ಲೇ ನೋಡಿ, 2015ರ ಕೊನೆಗೆ ಗೋಧಿ ಮೇಲಿನ ಸುಂಕ, ರಫ್ತು ಮಿತಿ ತೆಗೆದರು. ಮರುವರ್ಷವೇ ಬೆಳೆ ಸುಮಾರು 110 ಲಕ್ಷ ಟನ್‌ನಿಂದ 180 ಲಕ್ಷ ಟನ್‌ಗೆ ಏರಿತು. 2018ರಲ್ಲಿ ದುಡ್ಡಿನ ಮುಗ್ಗಟ್ಟು ಬಂತು, ಸುಂಕವೂ ವಾಪಸ್ ಬಂತು.

2025ರ ಸೆಪ್ಟೆಂಬರ್‌ನಲ್ಲಿ, ಡಾಲರ್ ಬೇಕಾಗಿ, ಅಲ್ಲಿನ ಸರ್ಕಾರ ಸೋಯಾ ಮತ್ತು ಧಾನ್ಯಗಳ ಸುಂಕ ಸೊನ್ನೆ ಅಂತ ಘೋಷಿಸಿತು, 700 ಕೋಟಿ ಡಾಲರ್ ಮಿತಿ ತುಂಬುವವರೆಗೆ. ಮೂರೇ ದಿನದಲ್ಲಿ ತುಂಬಿತು. ಕಾಗದಪತ್ರ ರೆಡಿ ಇಟ್ಟುಕೊಂಡಿದ್ದ ರಫ್ತು ಕಂಪನಿಗಳು ಬಾಚಿಕೊಂಡವು, ಲಾಭ ನಮ್ಮ ತನಕ ಬರಲೇ ಇಲ್ಲ ಅಂತ ರೈತರು ಗೊಣಗಿದರು. ಆ ದಿನಗಳಲ್ಲಿ ಅಗ್ಗದ ಎಣ್ಣೆ ಕೊಂಡವರಲ್ಲಿ ಭಾರತದ ಆಮದುದಾರರೂ ಇದ್ದರು. ಬೀದರ್ ಸೀಮೆಯ ಹೊಸ ಸೋಯಾ ಮಾರುಕಟ್ಟೆಗೆ ಬರೋದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ.