ಹಬ್ಬದ ದಿನ ಹಳೆಯ ಚಿತ್ರವೇ ಏಕೆ?

ಹಬ್ಬದ ಊಟ ಮುಗಿದು ಮನೆಮಂದಿಯೆಲ್ಲ ಒಂದೆಡೆ ಕುಳಿತಾಗ ಯಾವ ಚಲಚ್ಚಿತ್ರವನ್ನು ನೋಡಬೇಕೆಂಬ ಚರ್ಚೆ ಏಳುವುದು ಇಂದು ಸಾಮಾನ್ಯ. ಕಿರಿಯರು ಹೊಸ ಚಿತ್ರವನ್ನು ಕೇಳುತ್ತಾರೆ. ಹಿರಿಯರು ಹಳೆಯದನ್ನು ಬಯಸುತ್ತಾರೆ. ವಿಚಿತ್ರವೆಂದರೆ, ಹಳೆಯದನ್ನು ಹಾಕಿದ ಮೇಲೆ ಕಿರಿಯರೂ ಎದ್ದು ಹೋಗುವುದಿಲ್ಲ. ‘ಬೇಡರ ಕಣ್ಣಪ್ಪ’, ‘ಸತ್ಯ ಹರಿಶ್ಚಂದ್ರ’, ‘ಬಬ್ರುವಾಹನ’ ಇವುಗಳ ಮಾತುಗಳನ್ನು ಬಾಯಿಪಾಠವಾಗಿ ಬಲ್ಲವರೂ ಮತ್ತೆ ನೋಡುತ್ತಾರೆ. ಇದಕ್ಕೆ ಕಾರಣವೇನು? ಬರಿಯ ಹಳೆಯ ನೆನಪಿನ ಮೋಹವೆಂದು ಹೇಳಿ ಮುಗಿಸುವುದು ಸುಲಭ. ನನಗೆ ಆ ಉತ್ತರ ಸಾಲದು.

ಈ ಪ್ರಶ್ನೆ ನಮ್ಮೊಬ್ಬರದೇ ಅಲ್ಲ. ಅಮೆರಿಕದಲ್ಲಿ ಕ್ರಿಸ್‌ಮಸ್ ಬಂದಿತೆಂದರೆ ಫ್ರಾಂಕ್ ಕಾಪ್ರಾ 1946ರಲ್ಲಿ ನಿರ್ದೇಶಿಸಿದ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಚಿತ್ರವನ್ನು ನೋಡುವ ರೂಢಿ ಇದೆ. ಬಿಡುಗಡೆಯಾದಾಗ ಅದು ಹೇಳಿಕೊಳ್ಳುವಂತಹ ಹಣ ಗಳಿಸಲಿಲ್ಲ. 1974ರಲ್ಲಿ ಅದರ ಹಕ್ಕನ್ನು ನವೀಕರಿಸದೆ ಬಿಟ್ಟುದರಿಂದ ದೂರದರ್ಶನ ಕೇಂದ್ರಗಳು ಹಣ ತೆರದೆ ಅದನ್ನು ವರ್ಷವರ್ಷವೂ ತೋರಿಸತೊಡಗಿದವು. ಹಾಗೆ ಅದು ಹಬ್ಬದ ಅಂಗವಾಯಿತು. ಹಾಗಾದರೆ ಪುನರಾವರ್ತನೆಯೇ ಮೇರುಕೃತಿಯನ್ನು ಸೃಷ್ಟಿಸುತ್ತದೆಯೆ? ಪುನರಾವರ್ತನೆ ಬಾಗಿಲನ್ನು ತೆರೆಯುತ್ತದೆ, ಅಷ್ಟೆ. ಒಳಗೆ ಬಂದ ಅತಿಥಿಯನ್ನು ಮನೆಯವನನ್ನಾಗಿ ಮಾಡಿಕೊಳ್ಳುವುದು ಬೇರೆ ಮಾತು. ಸಾಲದ ಭಾರಕ್ಕೆ ಕುಗ್ಗಿ ಸಾಯಹೊರಟ ಒಬ್ಬ ಸಾಮಾನ್ಯನಿಗೆ ‘ನೀನು ಇಲ್ಲದಿದ್ದರೆ ಈ ಊರು ಹೀಗಿರುತ್ತಿರಲಿಲ್ಲ’ ಎಂದು ತೋರಿಸಿಕೊಡುವ ಕಥೆ ಆ ಚಿತ್ರದಲ್ಲಿರದಿದ್ದರೆ, ನೂರು ಸಲ ತೋರಿಸಿದ್ದರೂ ಜನ ಅದನ್ನು ಎದೆಗೆ ಹಚ್ಚಿಕೊಳ್ಳುತ್ತಿರಲಿಲ್ಲ.

ನಮ್ಮ ಚಿತ್ರಗಳ ವಿಷಯದಲ್ಲಿ ಇನ್ನೊಂದು ಅಂಶವುಂಟು. ಅವು ತೆರೆಯ ಮೇಲೆ ಮೂಡುವುದಕ್ಕೆ ಶತಮಾನಗಳ ಮೊದಲೇ ಕನ್ನಡಿಗರ ಕಿವಿಯಲ್ಲಿದ್ದವು. ಕಣ್ಣಪ್ಪನ ಕಥೆಯನ್ನು ಹರಿಹರ ರಗಳೆಯಲ್ಲಿ ಹಾಡಿದ್ದಾನೆ. ಹರಿಶ್ಚಂದ್ರನ ಕಥೆಯನ್ನು ರಾಘವಾಂಕ ಷಟ್ಪದಿಯಲ್ಲಿ ಕಟ್ಟಿದ್ದಾನೆ. ಬಭ್ರುವಾಹನನ ಯುದ್ಧವನ್ನು ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ನಮ್ಮ ಅಜ್ಜಂದಿರು ಓದಿಸಿ ಕೇಳಿದ್ದಾರೆ. ಅಲ್ಲಿಂದ ಅವು ಬಯಲಾಟಕ್ಕೆ, ಕಂಪನಿ ನಾಟಕಕ್ಕೆ, ಕೊನೆಗೆ ಚಿತ್ರಕ್ಕೆ ಬಂದವು. 1954ರಲ್ಲಿ ಎಚ್. ಎಲ್. ಎನ್. ಸಿಂಹ ಅವರು ‘ಬೇಡರ ಕಣ್ಣಪ್ಪ’ವನ್ನು ನಿರ್ದೇಶಿಸಿದಾಗ ಅದರಲ್ಲಿ ಮೊದಲ ಬಾರಿಗೆ ನಾಯಕರಾದ ರಾಜಕುಮಾರ್ ಅವರು ರಂಗಭೂಮಿಯಿಂದ ಬಂದವರು. 1965ರ ‘ಸತ್ಯ ಹರಿಶ್ಚಂದ್ರ’, 1977ರ ‘ಬಬ್ರುವಾಹನ’ ಎರಡನ್ನೂ ನಿರ್ದೇಶಿಸಿದ ಹುಣಸೂರು ಕೃಷ್ಣಮೂರ್ತಿಯವರಿಗೂ ನಾಟಕದ ಮಾತಿನ ಕಸುವು ಗೊತ್ತಿತ್ತು. ಆದುದರಿಂದಲೇ ಈ ಚಿತ್ರಗಳಲ್ಲಿ ಮಾತು ದೃಶ್ಯದ ಸೇವಕನಲ್ಲ, ಸಮಪಾಲುಗಾರ. ಕಣ್ಣು ಮುಚ್ಚಿ ಕೇಳಿದರೂ ಅವು ಉಳಿಯುತ್ತವೆ.

ಸುರಪುರದ ಸೀಮೆಯಲ್ಲಿ ನಿಂತು ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಬೋನಾಳವನ್ನು ಹೊರಗಿನವರು ಅದರ ಕೆರೆಯಿಂದ, ಚಳಿಗಾಲದಲ್ಲಿ ಅಲ್ಲಿಗೆ ಬರುವ ಹಕ್ಕಿಗಳಿಂದ ಬಲ್ಲರು. ಆ ಕೆರೆ ಸುರಪುರದ ಅರಸರ ಕಾಲದ್ದು. ಆ ಅರಸರು ಬೇಡ ನಾಯಕರು. 1858ರಲ್ಲಿ ಆಂಗ್ಲರ ವಿರುದ್ಧ ಎದ್ದು ನಿಂತ ರಾಜಾ ವೆಂಕಟಪ್ಪ ನಾಯಕ ಆ ವಂಶದವನೇ. ಇಂತಹ ನೆಲದಲ್ಲಿ ‘ಬೇಡರ ಕಣ್ಣಪ್ಪ’ ಬರಿಯ ಭಕ್ತಿಯ ಚಿತ್ರವಾಗಿ ಉಳಿಯಲಾರದು. ಮಂತ್ರ ತಿಳಿಯದ ಬೇಡನೊಬ್ಬ ತಾನು ತಿನ್ನುವ ಮಾಂಸವನ್ನೇ ದೇವರಿಗೆ ಉಣಬಡಿಸುತ್ತಾನೆ. ಲಿಂಗದ ಕಣ್ಣಿನಿಂದ ರಕ್ತ ಸುರಿದಾಗ ತನ್ನ ಕಣ್ಣನ್ನು ಕಿತ್ತಿಡುತ್ತಾನೆ. ಎರಡನೆಯದನ್ನು ಇಡಬೇಕಾದಾಗ ಗುರುತಿಗೆಂದು ಕಾಲನ್ನೇ ಲಿಂಗದ ಮೇಲೆ ಊರುತ್ತಾನೆ. ಶಾಸ್ತ್ರ ಬಲ್ಲವನಿಗೆ ಅದು ಅಪಚಾರ. ದೇವರಿಗೆ ಅದೇ ಪೂಜೆ. ಹೊಲದಲ್ಲಿ ದುಡಿಯುವ ತಂದೆತಾಯಿಗಳ ಮಗನೊಬ್ಬ ಇದನ್ನು ನೋಡುವಾಗ ಅವನಿಗೆ ದೊರಕುವುದು ಮನರಂಜನೆಯಷ್ಟೇ ಅಲ್ಲ. ತನ್ನವರ ಬಾಳಿಗೂ ಒಂದು ಘನತೆಯುಂಟೆಂಬ ಧೈರ್ಯ. ತರಗತಿಯಲ್ಲಿ ಹರಿಹರನನ್ನು ಪಾಠ ಮಾಡುವಾಗ, ಚಿತ್ರವನ್ನು ನೋಡಿದ ವಿದ್ಯಾರ್ಥಿಗೆ ನಾನು ಅರ್ಧ ಮಾತು ಹೇಳಿದರೆ ಸಾಕಾಗುತ್ತದೆ.

ಹೊಸ ಚಿತ್ರಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. 2018ರ ಡಿಸೆಂಬರಿನಲ್ಲಿ ತೆರೆಕಂಡ ‘ಕೆ.ಜಿ.ಎಫ್.’ ಕನ್ನಡ ಚಿತ್ರಕ್ಕೆ ದೇಶದಾದ್ಯಂತ ಮಾರುಕಟ್ಟೆಯನ್ನು ತೆರೆಯಿತು. 2022ರ ‘ಕಾಂತಾರ’ ದೈವಾರಾಧನೆಯ ನೆಲದಿಂದ ಶಕ್ತಿ ಪಡೆಯಿತು. ಅದು ಉಳಿದೀತೆಂದು ನಾನು ನಂಬಬಲ್ಲೆ. ಹಳೆಯ ಪೌರಾಣಿಕ ಚಿತ್ರಗಳಲ್ಲಿ ಬಟ್ಟೆಯ ಪರದೆಯೂ ಬೆಳ್ಳಿಬಣ್ಣದ ಕಾಗದದ ಕಿರೀಟವೂ ಕಣ್ಣಿಗೆ ಬೀಳುತ್ತವೆ. ಅವುಗಳಲ್ಲಿ ಎಷ್ಟೋ ಮರೆತುಹೋದುದೇ ಒಳ್ಳೆಯದು. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಇಂದಿನ ಜನಪ್ರಿಯ ನಾಯಕ ಬಹುಮಟ್ಟಿಗೆ ಪಡೆಯುವವನು: ರಾಜ್ಯ, ಸೇಡು, ಜಯ. ಕಣ್ಣಪ್ಪ ಮತ್ತು ಹರಿಶ್ಚಂದ್ರ ಕೊಡುವವರು. ಪಡೆಯುವವನ ಕಥೆಯಲ್ಲಿ ಮುಂದೇನೆಂಬ ಕುತೂಹಲ ಒಮ್ಮೆ ತೀರಿದರೆ ತೀರಿತು. ಕೊಡುವವನ ಕಥೆಯಲ್ಲಿ ಮುಂದೇನೆಂಬುದು ಮೊದಲೇ ಗೊತ್ತು. ಆದರೂ ‘ನಾನಾಗಿದ್ದರೆ ಕೊಡುತ್ತಿದ್ದೆನೆ?’ ಎಂಬ ಪ್ರಶ್ನೆ ಪ್ರತಿಸಲವೂ ಹೊಸದು. ಹಬ್ಬವೆಂಬುದು ಹಂಚಿ ತಿನ್ನುವ ದಿನ. ಆ ದಿನಕ್ಕೆ ಎರಡನೆಯ ಬಗೆಯ ಕಥೆ ಹೊಂದುವುದು ಸಹಜವಲ್ಲವೆ?

ಆದರೆ ಹಳೆಯದು ತಾನಾಗಿ ಉಳಿಯುವುದಿಲ್ಲ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ ಒಂದು ಪ್ರತಿಯೂ ಇಂದು ನಮ್ಮಲ್ಲಿಲ್ಲ. ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ತಳೆದು ಮತ್ತೆ ಬಂದುದು ಸಂತೋಷದ ಸಂಗತಿಯೇ. ಆದರೆ ಅದಕ್ಕೂ ಮೂಲಪ್ರತಿ ಉಳಿದಿರಬೇಕಲ್ಲವೆ? ತಾಳೆಯೋಲೆಯನ್ನು ಹುಳು ತಿಂದರೆ ಕೊರಗುವ ನಾವು ಚಿತ್ರದ ಸುರುಳಿ ಹಾಳಾದರೆ ಅದು ವ್ಯಾಪಾರಿಯ ನಷ್ಟವೆಂದು ಸುಮ್ಮನಿರುತ್ತೇವೆ. ಇದು ಸರಿಯಲ್ಲ. ಚಿತ್ರವೂ ನಮ್ಮ ಸಾಹಿತ್ಯಪರಂಪರೆಯ ಒಂದು ಪಾಠಾಂತರ.

ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ಸೂಚನೆ. ಊರಿನ ಜಾತ್ರೆಯಲ್ಲಿ ದೊಡ್ಡಾಟ ನಡೆಯುವಂತೆಯೇ ಒಂದು ರಾತ್ರಿ ಬಯಲಿನಲ್ಲಿ ಪರದೆ ಕಟ್ಟಿ, ಜಾಹೀರಾತಿನ ತಡೆಯಿಲ್ಲದೆ, ಒಂದು ಹಳೆಯ ಚಿತ್ರವನ್ನು ಪೂರ್ತಿಯಾಗಿ ತೋರಿಸೋಣ. ಮರುದಿನ ತರಗತಿಯಲ್ಲಿ ಅದರ ಮೂಲಕಾವ್ಯವನ್ನು ಓದೋಣ. ಒಬ್ಬೊಬ್ಬರ ಕೈಯ ಸಣ್ಣ ತೆರೆಯಲ್ಲಿ ಒಬ್ಬೊಬ್ಬರು ಬೇರೆ ಬೇರೆ ನೋಡುವ ಈ ಕಾಲದಲ್ಲಿ, ಒಂದೇ ಕಥೆಗೆ ಇಡೀ ಊರು ಒಟ್ಟಿಗೆ ಕಣ್ಣೀರಿಡುವುದು ಸಣ್ಣ ಲಾಭವಲ್ಲ.