ಸ್ಪ್ರಿಂಗ್ ಹಾಕಿಸಿಬಿಡಿ ಅನ್ನೋರಿಗೆ ಒಂದು ಮಾತು

ಇಲ್ಲಿ ಬರೆದು ಬಹಳ ದಿನ ಆಯ್ತು. ಆಫೀಸು, ಡೆಡ್‌ಲೈನು, ಅದೇ ಹಳೇ ಕಥೆ. ಇವತ್ತು ಬರೀತಿರೋದು ಸಿಟ್ಟಿಗೆ. ವಿಷಯ ಕಾರಿನದ್ದು, ಅದೂ ನನ್ನದಲ್ಲ, ಸಿರುಗುಪ್ಪದಲ್ಲಿರೋ ನಮ್ಮ ಮಾಮನದು. ಕಾರಿನಲ್ಲಿ ಆಸಕ್ತಿ ಇಲ್ಲದವರು ಸ್ವಲ್ಪ ತಾಳ್ಮೆಯಿಂದ ಓದಿ. ಇದ್ದವರು ಜಗಳಕ್ಕೆ ಬನ್ನಿ :-)

ನಮ್ಮ ಬಳ್ಳಾರಿ ಕಥೆ ನಿಮಗೆ ಗೊತ್ತಿರೋದೇ. 2000ರ ದಶಕದಲ್ಲಿ ಅದಿರು ಚೀನಾಕ್ಕೆ ಹೋಗ್ತಿದ್ದಾಗ ಲಾರಿಗಳು ರಸ್ತೆಯನ್ನ ಪುಡಿ ಮಾಡ್ತಿದ್ದವು, ಆ ಪುಡಿಯ ಮೇಲೇ ಬೆಂಗಳೂರಲ್ಲೂ ಅಪರೂಪಕ್ಕೆ ಕಾಣ್ತಿದ್ದ ಕಾರುಗಳು ಓಡ್ತಿದ್ದವು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. ಅದೇ ತಿಂಗಳು 29ಕ್ಕೆ ಸುಪ್ರೀಂ ಕೋರ್ಟು ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ನಾನಾಗ ಹೈಸ್ಕೂಲು. ಆಮೇಲೆ ಆ ಕಾರುಗಳು ಒಂದೊಂದಾಗಿ ಕೈ ಬದಲಾದವು. ಗಣಿಯವರಿಂದ ಗುತ್ತಿಗೆದಾರರಿಗೆ, ಅವರಿಂದ ಡೀಲರಿಗೆ, ಡೀಲರಿಂದ ನಮ್ಮ ಮಾಮನಂಥ ಅಕ್ಕಿ ವ್ಯಾಪಾರಿಗಳಿಗೆ. ಮಾಮನಿಗೆ ಸಿಕ್ಕಿದ್ದು 2009ರ ಮಾಡೆಲ್ ಜರ್ಮನ್ ಎಸ್‌ಯುವಿ, ಏಳು ಸೀಟು, ನಾಲ್ಕೂ ಚಕ್ರಕ್ಕೆ ಏರ್ ಸಸ್ಪೆನ್ಷನ್.

ಏರ್ ಸಸ್ಪೆನ್ಷನ್ ಅಂದ್ರೆ ಏನು ಅಂತ ಎರಡು ಸಾಲಲ್ಲಿ ಹೇಳಿಬಿಡ್ತೀನಿ. ಸ್ಪ್ರಿಂಗ್ ಬದಲು ರಬ್ಬರ್ ಚೀಲ. ಅದರೊಳಗೆ ಟೈರಿನ ಗಾಳಿಗಿಂತ ಮೂರ್ನಾಲ್ಕು ಪಟ್ಟು ಒತ್ತಡದ ಗಾಳಿ. ಗಾಳಿ ತುಂಬೋಕೆ ಒಂದು ಕಂಪ್ರೆಸರ್, ಯಾವ ಚಕ್ರಕ್ಕೆ ಎಷ್ಟು ಅಂತ ಹಂಚೋಕೆ ವಾಲ್ವ್ ಬ್ಲಾಕ್, ಕಾರು ಎಷ್ಟು ಎತ್ತರದಲ್ಲಿದೆ ಅಂತ ಹೇಳೋಕೆ ಚಕ್ರಗಳ ಹತ್ತಿರ ಸೆನ್ಸರುಗಳು, ಇವನ್ನೆಲ್ಲ ನಡೆಸೋಕೆ ಒಂದು ಕಂಪ್ಯೂಟರ್.

ಒಂದು ದಿನ ಬೆಳಿಗ್ಗೆ ನೋಡಿದ್ರೆ ಕಾರು ಮುಂದಿನ ಕಾಲು ಮಡಚಿಕೊಂಡು ಕುರುಗೋಡಿನ ದೊಡ್ಡಬಸವಣ್ಣನ ಥರ ಕೂತಿತ್ತು. ಕಂಪನಿ ಸರ್ವಿಸ್‌ನವರು ನಾಲ್ಕೂ ಕಡೆ ಹೊಸದು, ಜೊತೆಗೆ ಕಂಪ್ರೆಸರ್, ಒಟ್ಟು ಆರೂವರೆ ಲಕ್ಷ ಅಂದರು. ಆಗ ಕಾರು ಮಾರಿದ್ರೆ ಒಂಬತ್ತು ಬರ್ತಿತ್ತೋ ಏನೋ. ಮಾಮ ಕಾರನ್ನ ಬಳ್ಳಾರಿಯ ಒಂದು ಗ್ಯಾರೇಜಿಗೆ ತಂದ. ಅಲ್ಲಿ ಬಂದ ಸಲಹೆ ಇದು:

"ಸಾವ್ಕಾರೆ, ಈ ಗಾಳಿ ಗೀಳಿ ನಮ್ಮ ರೋಡಿಗೆ ಆಗಂಗಿಲ್ರಿ. ಕಿತ್ತು ಸ್ಪ್ರಿಂಗ್ ಹಾಕಿಸಿಬಿಡ್ರಿ. ಜೀವಮಾನ ತಲೆನೋವಿಲ್ಲ."

ಒಂದು ಲಕ್ಷ ನಲವತ್ತು ಸಾವಿರ. ಮಾಮ ನನಗೆ ಫೋನ್ ಮಾಡಿ "ಏನಪಾ ಇಂಜಿನಿಯರು, ಏನ್ಮಾಡ್ಲಿ?" ಅಂದ. ನಾನು ಮೀಟಿಂಗಲ್ಲಿದ್ದೆ. "ಹಾಕಿಸಿಬಿಡು ಮಾಮಾ" ಅಂದೆ. ಹೌದು, ಈ ತಪ್ಪಿನಲ್ಲಿ ನನ್ನ ಪಾಲೂ ಇದೆ. ಹಾಗಾಗಿ ಇಲ್ಲಿರೋ ಸಿಟ್ಟಿನಲ್ಲಿ ಅರ್ಧ ನನ್ನ ಮೇಲೆಯೇ.

ಕುರುಗೋಡಿನಲ್ಲಿ ಅಜ್ಜಿ ಮನೆ. ಜಾತ್ರೆ ಮುಗಿಸಿ ರಾತ್ರಿ ಸಿರುಗುಪ್ಪಕ್ಕೆ ವಾಪಸ್ ಹೊರಟ್ವಿ. ಏಳೂ ಸೀಟು ಭರ್ತಿ, ಡಿಕ್ಕಿಯಲ್ಲಿ 25 ಕೆಜಿಯ ನಾಲ್ಕು ಅಕ್ಕಿ ಚೀಲ. ಊರೊಳಗಿನ ದಾರಿ, ಒಂದು ಕಡೆ ಕಾಲುವೆ, ಇನ್ನೊಂದು ಕಡೆ ಭತ್ತದ ಗದ್ದೆ. ಎದುರಿಗೆ ಒಂದು ಬೈಕು ಬಂತು. ಹತ್ತಿರ ಬರ್ತಾ ಬರ್ತಾ ಒಂದು ಕೈ ಕಣ್ಣಿಗೆ ಅಡ್ಡ ಹಿಡಿದ, ಬೈಕು ವಾಲಿತು, ಸೀದಾ ಗದ್ದೆಗೆ. ಪುಣ್ಯಕ್ಕೆ ಕಾಲುವೆ ಕಡೆ ಹೋಗಲಿಲ್ಲ. ಇಳಿದು ಓಡಿದ್ವಿ. ಅಂಗೈ ಚರ್ಮ ಕಿತ್ತಿತ್ತು, ಮೈಯೆಲ್ಲಾ ಕೆಸರು. ಎದ್ದವನೇ ಬೈದ:

"ಲೈಟು ಡಿಮ್ ಮಾಡಾಕ್ ಬರಂಗಿಲ್ಲೇನ್ರಿ ನಿಮಗ?"

ಮಾಮ ಕಾರಿನ ಕಡೆ ತಿರುಗಿ ನೋಡಿ ಮೆಲ್ಲಗೆ ಅಂದ, "ಡಿಮ್ಮಲ್ಲೇ ಐತಲ್ಲಪಾ..."

ನಿಜ, ಡಿಮ್ಮಲ್ಲೇ ಇತ್ತು. ಕಾರಿನ ಹಿಂಭಾಗ ಕುಸಿದು ಮೂತಿ ಮೇಲಾಗಿತ್ತು. ಡಿಮ್ ಬೆಳಕು ಎದುರಿನವನ ಮುಖಕ್ಕೇ ಹೊಡೀತಿತ್ತು.

ಬೆಳಿಗ್ಗೆ ಕಾರಿನ ಕೆಳಗೆ ಮಲಗಿ ನೋಡಿದೆ. ಎತ್ತರ ಅಳೆಯೋ ಸೆನ್ಸರಿನ ಕಡ್ಡಿಯನ್ನ ತೋಳಿನಿಂದ ಬಿಚ್ಚಿ ಒಂದು ಜಾಗದಲ್ಲಿ ತಂತಿಯಿಂದ ಬಿಗಿದು ಕಟ್ಟಿದ್ದರು. ಅಂದ್ರೆ ಕಾರಿನ ಕಂಪ್ಯೂಟರಿಗೆ ಸದಾ "ಎಲ್ಲ ಸಮವಾಗಿದೆ" ಅಂತಲೇ ಉತ್ತರ. ಮೀಟರ್ ಬೋರ್ಡಿನಲ್ಲಿ ಎಚ್ಚರಿಕೆ ದೀಪ ಬರಬಾರದು, ಅಷ್ಟೇ ಉದ್ದೇಶ. ಆದ್ರೆ ಹೆಡ್‌ಲೈಟನ್ನ ತಾನಾಗೇ ಕೆಳಗೆ ಬಗ್ಗಿಸೋ ವ್ಯವಸ್ಥೆಯೂ ಅದೇ ಸೆನ್ಸರಿನ ಮಾತು ಕೇಳ್ತಿತ್ತು. ಸಾಫ್ಟ್‌ವೇರ್‌ನವರಿಗೆ ಹೇಳಬೇಕಿಲ್ಲ, ಇದು ಹಾರ್ಡ್‌ಕೋಡ್. ಎರರ್ ಸರಿ ಮಾಡೋ ಬದಲು ಎರರ್ ಮೆಸೇಜ್ ಅಳಿಸೋದು. ನಮ್ಮ ಆಫೀಸಿನಲ್ಲಿ ಹೀಗೆ ಮಾಡಿದ್ರೆ ಹೆಚ್ಚಂದ್ರೆ ಸರ್ವರ್ ಬೀಳುತ್ತೆ. ಇಲ್ಲಿ ಬಿದ್ದದ್ದು ಮನುಷ್ಯ.

ಈಗ ಸ್ಪ್ರಿಂಗ್ ವಾದಿಗಳಿಗೆ ಸ್ವಲ್ಪ ಲೆಕ್ಕ. ಹಿಂದಿನ ಒಂದೊಂದು ಸ್ಪ್ರಿಂಗಿನ ಮೇಲೆ ಖಾಲಿ ಕಾರಿನ 500 ಕೆಜಿ ಕೂತಿದೆ ಅಂದ್ಕೊಳ್ಳಿ. ಮೆತ್ತಗಿನ ಸವಾರಿ ಬೇಕು ಅಂದ್ರೆ ಕಾರು ಸೆಕೆಂಡಿಗೆ ಸುಮಾರು 1.1 ಸಲ ತೂಗಬೇಕು. ಅದಕ್ಕೆ ಮಿಲಿಮೀಟರಿಗೆ 24 ನ್ಯೂಟನ್ ಬಿಗಿಯ ಸ್ಪ್ರಿಂಗ್ ಬೇಕು. ಅದರ ಮೇಲೆ ಇನ್ನೂ 200 ಕೆಜಿ ಹೇರಿ. 8 ಸೆಂಟಿಮೀಟರ್ ಕುಸಿಯುತ್ತೆ. ಗುಂಡಿಗೆ ಉಳಿಯೋ ಜಾಗ ಎಷ್ಟು? ಕುಸಿತ ಅರ್ಧ ಆಗ್ಲಿ ಅಂತ ಬಿಗಿ ಎರಡರಷ್ಟು ಮಾಡಿ. ಆಗ ಖಾಲಿ ಕಾರು ಸೆಕೆಂಡಿಗೆ ಒಂದೂವರೆ ಸಲಕ್ಕಿಂತ ಹೆಚ್ಚು ಕುಣಿಯುತ್ತೆ, ಅಜ್ಜಿಯ ಸೊಂಟ ನೆನಪು ಮಾಡುತ್ತೆ. ಗಾಳಿ ಚೀಲದಲ್ಲಿ ಈ ಗೋಳಿಲ್ಲ. ಭಾರ ಹೆಚ್ಚಾದ್ರೆ ಕಂಪ್ರೆಸರ್ ಒತ್ತಡ ಹೆಚ್ಚಿಸುತ್ತೆ, ಒತ್ತಡದ ಜೊತೆ ಬಿಗಿಯೂ ಹೆಚ್ಚುತ್ತೆ, ಎತ್ತರ ಹಾಗೇ ಇರುತ್ತೆ, ತೂಗೋ ಲಯವೂ ಹೆಚ್ಚು ಕಮ್ಮಿ ಹಾಗೇ. ದುಡ್ಡು ಕೊಟ್ಟಿದ್ದು ಇದಕ್ಕೇ ಕಣ್ರೀ, ಗೇಟಿನ ಮುಂದೆ ಕಾರು ಏಳೋ ಚಂದ ನೋಡೋಕಲ್ಲ.

"ನಮ್ಮ ರೋಡಿಗೆ ಆಗಲ್ಲ" ಅನ್ನೋದು ಇನ್ನೊಂದು ಮಂತ್ರ. ನಮ್ಮದು ಎರೆ ಭೂಮಿ. ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರಿಯುತ್ತೆ, ಅದರ ಮೇಲಿನ ರಸ್ತೆ ಅಲೆ ಅಲೆ. ಇಂಥ ರಸ್ತೆಗೆ ಎತ್ತರ ಕಾಯ್ದುಕೊಳ್ಳೋ ಸಸ್ಪೆನ್ಷನ್ ಬೇಕೇ ಹೊರತು ಬೇಡ ಅನ್ನೋಕೆ ಕಾರಣ ಏನು? ಐರಾವತ ವೋಲ್ವೊ ಬಸ್ಸಿನಡಿ ಯಾವತ್ತಾದ್ರೂ ಬಗ್ಗಿ ನೋಡಿದ್ದೀರಾ? ಅಲ್ಲಿರೋದೂ ಗಾಳಿ ಚೀಲವೇ. ವ್ಯತ್ಯಾಸ ಇಷ್ಟೇ, ಡಿಪೋದಲ್ಲಿ ಅದನ್ನ ನೋಡಿಕೊಳ್ಳೋರು ಇದ್ದಾರೆ.

"ಇಲ್ಲಿ ಗಾಳಿ ಕೆಲಸ ಗೊತ್ತಿರೋರು ಇಲ್ಲ" ಅಂತಾರಲ್ಲ, ಅದಂತೂ ಬಳ್ಳಾರಿಗೆ ಮಾಡೋ ಅವಮಾನ. ಅದಿರು ಹೊತ್ತ ಲಾರಿಗಳೆಲ್ಲ ನಿಂತದ್ದು ಯಾವುದರ ಮೇಲೆ? ಏರ್ ಬ್ರೇಕ್ ಮೇಲೆ. ಕಂಪ್ರೆಸರ್, ಡ್ರೈಯರ್, ವಾಲ್ವು, ಪೈಪು, ಎಲ್ಲಾ ಅದೇ ಜಾತಿ ಸಾಮಾನು. ಸೋರಿಕೆ ಹುಡುಕೋದರಲ್ಲಿ ತಲೆ ನೆರೆಸಿಕೊಂಡವರು ನಮ್ಮೂರಲ್ಲೇ ಇದ್ದಾರೆ. ಮಾಮನ ಕಾರನ್ನ ಅಂಥ ಒಬ್ಬ ಹಿರಿಯರ ಹತ್ತಿರ ತಗೊಂಡು ಹೋದ್ವಿ. ಕಿತ್ತ ಹಳೇ ಸಾಮಾನೆಲ್ಲ ಮಾಮನ ಗೋಡೌನಿನಲ್ಲಿ ಗೋಣಿಚೀಲದಲ್ಲಿತ್ತು, ಪುಣ್ಯಕ್ಕೆ ಗುಜರಿಗೆ ಹಾಕಿರಲಿಲ್ಲ. ನಾನು ಲ್ಯಾಪ್‌ಟಾಪು, ಸ್ಕ್ಯಾನರು ಹಿಡಿದು ಕೂತೆ. ಅವರು ಸೋಪಿನ ನೀರಿನ ಬಾಟಲಿ ಹಿಡಿದರು. ಹಳೇದನ್ನೇ ವಾಪಸ್ ಜೋಡಿಸಿ ಗಾಳಿ ತುಂಬಿದಾಗ ಗುಳ್ಳೆ ಬಂದದ್ದು ಒಂದೇ ಒಂದು ಕಡೆ, ಮುಂದಿನ ಎಡ ಚೀಲದ ಮಡಿಕೆಯಲ್ಲಿ. ಉಳಿದ ಮೂರೂ ಸರಿಯಾಗಿದ್ದವು.

ಕಂಪ್ರೆಸರ್? ಅದೂ ಸತ್ತಿರಲಿಲ್ಲ, ಸುಸ್ತಾಗಿತ್ತು. ಚೀಲ ಸೋರ್ತಾ ಇದ್ರೆ ಕಂಪ್ರೆಸರ್ ಪದೇ ಪದೇ ಓಡುತ್ತೆ, ಕಾಯುತ್ತೆ, ಪಿಸ್ಟನ್ ರಿಂಗ್ ಸವೆಯುತ್ತೆ. ಹೊರಗೆ 40 ಡಿಗ್ರಿ ದಾಟಿದ ಬಳ್ಳಾರಿ ಬಿಸಿಲು. ಬಿಸಿ ಮಿತಿ ಮೀರಿದಾಗ ಅದು ತನ್ನನ್ನ ತಾನೇ ನಿಲ್ಲಿಸಿಕೊಳ್ಳುತ್ತೆ, ಸುಟ್ಟು ಹೋಗದಿರಲಿ ಅಂತ. ನಾವು ಅದನ್ನ "ಹೋಯ್ತು" ಅಂತ ಓದ್ತೀವಿ. ರಿಂಗು, ಒಳಗಿನ ತೇವ ಹೀರೋ ಹರಳು, ಹೊರಗಿನ ತಯಾರಕರ ಒಂದು ಏರ್ ಸ್ಟ್ರಟ್, ಕೂಲಿ ಎಲ್ಲಾ ಸೇರಿ 62 ಸಾವಿರ. ಆರೂವರೆ ಲಕ್ಷವೂ ಬೇಕಿರಲಿಲ್ಲ, ಒಂದು ಲಕ್ಷ ನಲವತ್ತೂ ಬೇಕಿರಲಿಲ್ಲ.

ನನ್ನ ತಕರಾರು ಇದೊಂದೇ. ರಿಪೇರಿಯೋ ಸ್ಪ್ರಿಂಗೋ ಅನ್ನೋದು ಎರಡನೇ ಪ್ರಶ್ನೆ. ಎಲ್ಲಿ ಸೋರ್ತಿದೆ ಅನ್ನೋದು ಮೊದಲನೇದು. ಕಂಪನಿಯವರೂ ಅದನ್ನ ಹುಡುಕಲಿಲ್ಲ, ಗ್ಯಾರೇಜಿನವರೂ ಹುಡುಕಲಿಲ್ಲ. ಒಬ್ಬರು ಎಲ್ಲಾ ಹೊಸದು ಅಂದರು, ಇನ್ನೊಬ್ಬರು ಎಲ್ಲಾ ಕಿತ್ತು ಹಾಕಿ ಅಂದರು. ಲಾಗ್ ನೋಡದೆ ಇಡೀ ಸಿಸ್ಟಮ್ಮೇ ಬದಲಿಸಿ ಅನ್ನೋ ಕನ್ಸಲ್ಟೆಂಟ್ ಥರ. ಸ್ಪ್ರಿಂಗ್ ಹಾಕಿದಾಗ ಗ್ಯಾರೇಜಿನ ತಲೆನೋವು ಮುಗಿಯುತ್ತೆ. ನಮ್ಮದು ಅವತ್ತೇ ಶುರು.

ಹಾಗಂತ ಸ್ಪ್ರಿಂಗೇ ಪಾಪ ಅಂತ ನಾನು ಹೇಳ್ತಿಲ್ಲ. ಈ ಜಗಳ ಇವತ್ತಿನದೂ ಅಲ್ಲ. 1957ರಲ್ಲಿ ಅಮೆರಿಕದ ಕ್ಯಾಡಿಲಾಕ್ ಎಲ್ಡೊರಾಡೊ ಬ್ರೋಹಾಮ್ ಏರ್ ಸಸ್ಪೆನ್ಷನ್ ಜೊತೆ ಬಂತು, ಸೋರಿಕೆಗೆ ಬೇಸತ್ತ ಮಾಲೀಕರು ಅದನ್ನ ಕಿತ್ತು ಕಾಯಿಲ್ ಸ್ಪ್ರಿಂಗ್ ಹಾಕಿಸಿಕೊಂಡರು. ಆಗಿನ ರಬ್ಬರು, ಆಗಿನ ವಾಲ್ವು ನೋಡಿದ್ರೆ ಅವರು ಮಾಡಿದ್ದು ಸರಿಯೇ. ಮರ್ಸಿಡಿಸ್ 1961ರಲ್ಲೇ 300 ಎಸ್‌ಇ ಕಾರಿಗೆ ಗಾಳಿ ಕೊಟ್ಟಿತ್ತು. 1998ರ ಎಸ್ ಕ್ಲಾಸಿನಲ್ಲಿ ಏರ್‌ಮ್ಯಾಟಿಕ್ ಅಂತ ಮತ್ತೆ ತಂದಾಗ ಲೆಕ್ಕ ಇಡೋಕೆ ಕಂಪ್ಯೂಟರ್ ಇತ್ತು. ರಬ್ಬರು ಮಾತ್ರ ಈಗಲೂ ರಬ್ಬರೇ. ವಯಸ್ಸಾದ್ರೆ ಬಿರಿಯುತ್ತೆ. ಎರೆಮಣ್ಣಿನ ಕೆಸರು, ಅದಿರಿನ ಧೂಳು ಮಡಿಕೆಯಲ್ಲಿ ಕೂತ್ರೆ ಬೇಗ ಸವೆಯುತ್ತೆ. ನಾಲ್ಕೂ ಚೀಲ ನಿಜವಾಗಿ ಹೋಗಿದ್ರೆ, ಕಾರಿನ ಬೆಲೆಗಿಂತ ರಿಪೇರಿ ದೊಡ್ಡದಾದ್ರೆ, ಸ್ಪ್ರಿಂಗ್ ಹಾಕಿಸಿ, ನಾನು ಬೇಡ ಅನ್ನಲ್ಲ. ಆದ್ರೆ ಪೂರ್ತಿ ಹಾಕಿಸಿ. ಆ ಮಾಡೆಲ್ಲಿಗೇ ಲೆಕ್ಕ ಹಾಕಿದ ಸ್ಪ್ರಿಂಗು, ಅದಕ್ಕೆ ಹೊಂದೋ ಶಾಕ್ ಅಬ್ಸಾರ್ಬರು, ಕಂಪ್ಯೂಟರಿನಲ್ಲಿ ಸರಿಯಾದ ಕೋಡಿಂಗು, ಹೆಡ್‌ಲೈಟಿಗೆ ನಿಜ ಹೇಳೋ ಸೆನ್ಸರು. ತಂತಿ ಕಟ್ಟೋದು ಕನ್ವರ್ಷನ್ ಅಲ್ಲ, ಮೋಸ.

ಕಾನೂನಿನ ಮಾತೂ ಇದೆ. ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸೋ ಹಾಗಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮೇಲೆ ತೀರ್ಪು ಕೊಟ್ಟಿದೆ. ಅದೇ ವರ್ಷದ ತಿದ್ದುಪಡಿ ಪ್ರಕಾರ ಕಾಯ್ದೆ ಒಪ್ಪದ ಒಂದೊಂದು ಮಾರ್ಪಾಟಿಗೆ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಯಾರಿಗೆ? ಕಾರಿನ ಮಾಲೀಕನಿಗೆ. ಆದ್ದರಿಂದ ಮಾಡಿಸೋ ಮುಂಚೆ ಆರ್‌ಟಿಓ ಕಚೇರಿಯಲ್ಲಿ ಕೇಳಿ, ವಿಮೆಯವರಿಗೆ ಬರೆದು ತಿಳಿಸಿ. "ಜೀವಮಾನ ತಲೆನೋವಿಲ್ಲ" ಅಂದವರು ಅವತ್ತು ನಿಮ್ಮ ಜೊತೆ ಬರಲ್ಲ.

ನಿಮ್ಮ ಮನೆಯಲ್ಲೋ ನೆಂಟರಲ್ಲೋ ಇಂಥ ಕಾರಿದ್ರೆ ಗ್ಯಾರೇಜಿಗೆ ಹೋಗೋ ಮುಂಚೆ ಒಂದು ಕೆಲಸ ಮಾಡಿ. ರಾತ್ರಿ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ನಾಲ್ಕೂ ಚಕ್ರದ ಮಧ್ಯದಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಟೇಪಿನಲ್ಲಿ ಅಳೆದು ಬರೆದಿಡಿ. ಬೆಳಿಗ್ಗೆ ಸ್ಟಾರ್ಟ್ ಮಾಡೋ ಮುಂಚೆ ಮತ್ತೆ ಅಳೆಯಿರಿ. ಒಂದೇ ಮೂಲೆ ಇಳಿದಿದ್ರೆ ಮೊದಲು ಆ ಮೂಲೆಯ ಚೀಲ, ಪೈಪಿನ ಮೇಲೆ ಅನುಮಾನ ಪಡಿ. ಮುಂದಿನ ಎರಡೂ ಒಟ್ಟಿಗೆ ಇಳಿದಿದ್ರೆ ವಾಲ್ವ್ ಬ್ಲಾಕನ್ನೂ ನೋಡಿಸಿ. ಯಾವುದೂ ಇಳಿಯದೆ ದೀಪ ಮಾತ್ರ ಬರ್ತಿದ್ರೆ ಸೆನ್ಸರು, ರಿಲೇ, ವೈರಿಂಗು. ಕಾರಿನ ಕೆಳಗೆ ಮಾತ್ರ ಸ್ಟ್ಯಾಂಡ್ ಕೊಡದೆ ತಲೆ ಹಾಕಬೇಡಿ, ಗಾಳಿ ಯಾವಾಗ ಇಳಿಯುತ್ತೋ ಹೇಳೋಕಾಗಲ್ಲ. ಆ ಚೀಟಿ ಹಿಡಿದು ಗ್ಯಾರೇಜಿಗೆ ಹೋಗಿ ಒಂದೇ ಪ್ರಶ್ನೆ ಕೇಳಿ, "ಎಲ್ಲಿ ಸೋರ್ತಿದೆ ತೋರಿಸ್ರಿ." ತೋರಿಸೋಕಾಗದವರಿಗೆ ಕಾರು ಬಿಡಬೇಡಿ.

ಗದ್ದೆಗೆ ಬಿದ್ದ ಆ ಹುಡುಗನ ಬೈಕು ಮಾಮ ರಿಪೇರಿ ಮಾಡಿಸಿಕೊಟ್ಟ. ಅವನು "ಇರ್ಲಿ ಬಿಡ್ರಿ, ನಿಮ್ಮ ಲೈಟಿಂದು ಮೊದ್ಲು ನೋಡ್ಕೊಳ್ರಿ" ಅಂದನಂತೆ. ನನಗಿಂತ ಸರಿಯಾಗಿ ಅವನೇ ಹೇಳಿದ.

ಸ್ಪ್ರಿಂಗ್ ಹಾಕಿಸಿ ಹಾಯಾಗಿದ್ದೀವಿ ಅನ್ನೋರು ನಿಮ್ಮಲ್ಲೂ ಇರಬಹುದು. ಬಂದು ಬೈಯಿರಿ, ಬೇಜಾರಿಲ್ಲ. ಆದ್ರೆ ಬೈಯೋ ಮುಂಚೆ ಒಂದ್ಸಲ ಕಾರಿಗೆ ಆರು ಜನರನ್ನ ಹತ್ತಿಸಿ, ಡಿಮ್ ಹಾಕಿ, ಎದುರಿಗೆ ಹೋಗಿ ನಿಂತು ನೋಡಿ.